ಚಿನ್ನದ ಫೋನಿನ ಬೆನ್ನು ಬಿಚ್ಚುವ ಅಕ್ಕ

ಬೆಳಕು ಹರಿಯುವ ಹೊತ್ತಿಗೆ ಮಾರುಕಟ್ಟೆಯ ಅಂಗಡಿಗಳೆಲ್ಲ ಇನ್ನೂ ಮುಚ್ಚಿರುತ್ತವೆ. ಮೂಲೆಯ ಹಳೇ ಮೊಬೈಲ್ ಅಂಗಡಿಯ ಶಟರ್ ಮಾತ್ರ ಸೊಂಟದೆತ್ತರಕ್ಕೆ ಎದ್ದಿರುತ್ತದೆ. ಬಗ್ಗಿ ಒಳಗೆ ಹೋದರೆ, ಕಿಟಕಿಗೆ ಮುಖ ಮಾಡಿ ನರೆಗೂದಲಿನ ಹೆಂಗಸೊಬ್ಬರು ಕೂತಿದ್ದಾರೆ. ಒಂದು ಕಣ್ಣಿಗೆ ಗಡಿಯಾರ ರಿಪೇರಿಯವರು ಸಿಕ್ಕಿಸಿಕೊಳ್ಳುವಂಥ ಮಸೂರ. ಕೈಯಲ್ಲಿ ಹೊಳೆಹೊಳೆಯುವ ಚಿನ್ನದ ಬಣ್ಣದ ಫೋನು. ಅದನ್ನು ಅಂಗೈಯಲ್ಲಿ ತೂಗಿ ನೋಡುತ್ತಾರೆ, ಗುಂಡಿ ಒತ್ತಿ ಕಿವಿಗೊಡುತ್ತಾರೆ, ಕೊನೆಗೆ ಹಣ್ಣು ಮೂಸುವಂತೆ ಮೂಸುತ್ತಾರೆ.

"ಇಪ್ಪತ್ತು ವರ್ಷದ ಹಿಂದಿನ ಮಾಲು ಅಂತೆ," ಎನ್ನುತ್ತಾರೆ, ಯಾರಿಗೋ ಅಲ್ಲ, ಫೋನಿಗೇ. "ಅಂಟಿನ ವಾಸನೆ ಇನ್ನೂ ಹಸಿಯಾಗೇ ಇದೆಯಲ್ಲೋ ಮಾರಾಯ."

ಮಾರುಕಟ್ಟೆಯಲ್ಲಿ ಎಲ್ಲರೂ ಇವರನ್ನು ಭೂತಗನ್ನಡಿ ಅಕ್ಕ ಎಂದೇ ಕರೆಯುವುದು. ಲಿಮಿಟೆಡ್ ಎಡಿಷನ್ ಎಂದು ಮೆರೆಯುವ ಹಳೆಯ ಫೋನು, ಕ್ಯಾಮೆರಾ, ಪುಟ್ಟ ಮ್ಯೂಸಿಕ್ ಪ್ಲೇಯರ್‌ಗಳ ಬೆನ್ನು ಬಿಚ್ಚಿ, ಒಳಗೆ ನಿಜಕ್ಕೂ ಏನಿದೆ ಎಂದು ಹೇಳುವುದು ಇವರ ಕಸುಬು. ದೊಡ್ಡ ಅಂಗಡಿಯವರು, ಹಳೇ ಸಾಮಾನು ಕೂಡಿಡುವ ಹವ್ಯಾಸಿಗಳು, ಅನುಮಾನ ಬಂದ ಸಾಮಾನ್ಯರು ಎಲ್ಲರೂ ಇಲ್ಲಿಗೇ ಬರುತ್ತಾರೆ. ಇವರು ಹೂಂ ಅಂದರೆ ಮಾತ್ರ ವ್ಯಾಪಾರ ಮುಂದಕ್ಕೆ ಹೋಗುತ್ತದೆ. ಆದರೆ ಅಂಗಡಿಯ ಬೋರ್ಡಿನಲ್ಲಿ ಇವರ ಸುಳಿವೇ ಇಲ್ಲ. ಅಂಗಡಿ ತಮ್ಮನದು, ಮೂಲೆಯ ಮೇಜು ಮಾತ್ರ ಅಕ್ಕನದು.

ಇಷ್ಟು ಬೇಗ ಏಕೆ ಬರುತ್ತೀರಿ ಎಂದು ಯಾರಾದರೂ ಕೇಳಿದರೆ ನಗುತ್ತಾರೆ. "ಟ್ಯೂಬ್‌ಲೈಟ್ ಕೆಳಗೆ ಹಿತ್ತಾಳೆನೂ ಚಿನ್ನಾನೇ ಕಣಪ್ಪ. ಎಳೆಬಿಸಿಲಿಗೆ ಹಿಡಿದ್ರೆ ಮುಖ ಸಣ್ಣದಾಗುತ್ತೆ."

ಹದಿಹರೆಯ ಮುಗಿಯುವ ಮೊದಲೇ ಅಕ್ಕ ಫೋನು ತಯಾರಿಸುವ ಕಾರ್ಖಾನೆ ಸೇರಿದರು. ಉದ್ದನೆಯ ಬೆಂಚು, ಸಾಲಾಗಿ ಹುಡುಗಿಯರು, ಎಲ್ಲರ ತಲೆಗೂ ನೀಲಿ ಟೋಪಿ. ಗುಂಡಿಗಳಿರುವ ರಬ್ಬರ್ ಹಾಳೆಯನ್ನು ಫೋನಿನ ಮುಖಕ್ಕೆ ಕೂರಿಸಿ, ಪ್ರತಿ ಗುಂಡಿಯನ್ನೂ ಒತ್ತಿ ನೋಡಿ ಪಕ್ಕದವಳಿಗೆ ದಾಟಿಸುವುದು ಇವರ ಪಾಲಿನ ಕೆಲಸ. ಮದುವೆಯಾಯಿತು, ಮಗಳು ಹುಟ್ಟಿದಳು, ಗಂಡ ತೀರಿಕೊಂಡರು, ಬೆಂಚು ಮಾತ್ರ ಬದಲಾಗಲಿಲ್ಲ. ಟಚ್‌ಸ್ಕ್ರೀನ್ ಬಂದು ಗುಂಡಿಯ ಫೋನು ಕೇಳುವವರೇ ಇಲ್ಲವಾದಾಗ ಕಾರ್ಖಾನೆಗೆ ಬೀಗ ಬಿತ್ತು. ಅಲ್ಲಿಂದಾಚೆಗೆ ಆಸ್ಪತ್ರೆಯಲ್ಲಿ ಆಯಾ ಆದರು, ಗಾರ್ಮೆಂಟ್ಸ್‌ನಲ್ಲಿ ದಾರ ಕತ್ತರಿಸಿದರು. ಒಂದು ಕಣ್ಣಿಗೆ ಪೊರೆ ಬಂದು ಆಪರೇಷನ್ ಆಗಿ ಮನೆಯಲ್ಲಿ ಕೂತಿದ್ದಾಗ ತಮ್ಮ ಬಂದು ಕರೆದ. "ಬಾರಕ್ಕ, ಅಂಗಡೀಲಿ ಸುಮ್ನೆ ಕೂತ್ಕೊ, ಸಾಕು."

ಸುಮ್ಮನೆ ಕೂರುವ ಜಾಯಮಾನ ಅವರದಲ್ಲ. ಬಂದ ವಾರದಲ್ಲೇ, ತಮ್ಮನು ಜಂಬದಿಂದ ಕೊಂಡು ತಂದಿದ್ದ ಒಂದು ಅಪರೂಪದ ಫೋನನ್ನು ಒತ್ತಿ ನೋಡಿ, "ಇದು ನಮ್ಮ ಬೆಂಚಿನದಲ್ಲ ಕಣೋ," ಅಂದರು. ಅವನು ಕೇಳಲಿಲ್ಲ. ಬಿಚ್ಚಿ ತೋರಿಸಿದರು. ಆ ದಿನ ತಮ್ಮ ಊಟ ಬಿಟ್ಟ. ಮರುದಿನ ಅಕ್ಕನಿಗೊಂದು ಮೇಜು ಹಾಕಿಸಿಕೊಟ್ಟ.

ಆಮೇಲೆ ಅವನಿಗೇ ಇದು ತಲೆನೋವಾದದ್ದೂ ಉಂಟು. "ಹೀಗೆ ಬಂದದ್ದನ್ನೆಲ್ಲ ನಕಲಿ ಅಂತಿದ್ರೆ ನಾನು ಮಾರೋದಾದ್ರೂ ಏನಕ್ಕ? ನಿನ್ನನ್ನೇ ಗಾಜಿನ ಪೆಟ್ಟಿಗೆಯಲ್ಲಿಟ್ಟು ಮಾರ್ಲಾ?" ಎಂದು ಈಗಲೂ ರೇಗುತ್ತಾನೆ. "ಮಾರು, ಅಸಲಿ ಅಂತ ಬರೆದುಕೊಡ್ತೀನಿ," ಎಂದು ಅಕ್ಕ ತಲೆ ಎತ್ತದೇ ಹೇಳುತ್ತಾರೆ.

ಬೈಗುಳವೂ ಕಡಿಮೆಯಿಲ್ಲ. ಮೋಸ ಮಾಡಿ ಮಾರಿದವರಿಗಿಂತ, ಮೋಸ ಎಂದು ಹೇಳಿದವರ ಮೇಲೆಯೇ ಜನಕ್ಕೆ ಸಿಟ್ಟು ಜಾಸ್ತಿ. ಒಬ್ಬಾತ ಫೋನನ್ನು ಇವರ ಮೇಜಿನ ಮೇಲೆಯೇ ಕುಕ್ಕಿ ಒಡೆದು ಹೋಗಿದ್ದ. ಇನ್ನೊಬ್ಬಾಕೆ, ನಿಮ್ಮ ಕಣ್ಣೇ ಕೆಟ್ಟಿದೆ ಎಂದಿದ್ದರು. "ಅದು ನಿಜಾನೇ, ಆಪರೇಷನ್ ಆಗಿದೆ," ಎಂದು ಇವರು ಒಪ್ಪಿಕೊಂಡರು. ಅದಕ್ಕೇ ಈಗ ವಸ್ತುವನ್ನು ಮುಟ್ಟುವ ಮೊದಲು ತಂದವರನ್ನು ಕೂರಿಸಿ, ನೀರು ಕೊಟ್ಟು, ಇದು ಹೇಗೆ ನಿಮ್ಮ ಕೈಗೆ ಬಂತು ಎಂದು ಕೇಳುತ್ತಾರೆ. ಅವರು ಹೇಳುವುದನ್ನು ಪೂರ್ತಿ ಕೇಳುತ್ತಾರೆ. "ಮಾಲು ನಕಲಿ ಇರಬಹುದು. ಅದನ್ನ ತಗೊಳ್ಳುವಾಗ ಆದ ಖುಷಿ ನಕಲಿ ಅಲ್ವಲ್ಲ. ಅದಕ್ಕೆ ನಾನು ಕೈ ಹಾಕಬಾರ್ದು."

ಹೀಗೆಯೇ ಒಂದು ದಿನ ಲಿಫ್ಟ್ ತಾತ ಬಂದರು. ಜೀವಮಾನವೆಲ್ಲ ಎತ್ತರದ ಕಟ್ಟಡಗಳಲ್ಲಿ ಲಿಫ್ಟ್ ರಿಪೇರಿ ಮಾಡಿ ನಿವೃತ್ತರಾದವರು. ಜತೆಗೆ ಮಗಳು. ಹಿಂದಿನ ದಿನವೇ ಆಕೆ ಅಕ್ಕನಿಗೆ ಫೋನು ಮಾಡಿ ಬೇಡಿಕೊಂಡಿದ್ದರು. "ಅಪ್ಪ ಸರಿಯಾಗಿ ಊಟ ಮಾಡ್ತಿಲ್ಲ ಅಕ್ಕಾ. ಅಸಲಿ ಅಂತ ಒಂದು ಮಾತು ಹೇಳಿಬಿಡಿ, ಸಾಕು. ನಿಮಗೆ ಪುಣ್ಯ ಬರುತ್ತೆ."

ತಾತ ಕರವಸ್ತ್ರದ ಗಂಟು ಬಿಚ್ಚಿದರು. ವೆಲ್ವೆಟ್ ಡಬ್ಬಿ, ಅದರೊಳಗೆ ಚಿನ್ನದ ಬಣ್ಣದ ಗುಂಡಿ ಫೋನು, ಬೆನ್ನಿಗೆ ಸಂಖ್ಯೆ ಕೊರೆದ ತಗಡು. ಮಡಚಿಟ್ಟಿದ್ದ ಜಾಹೀರಾತನ್ನೂ ತಂದಿದ್ದರು. ಅಕ್ಕ ಅದನ್ನು ಓದಿದರು. ಮುಚ್ಚಿಹೋದ ಹೆಸರಾಂತ ಕಾರ್ಖಾನೆಯ ಕೊನೆಯ ಕೆಲಸಗಾರ್ತಿಯರು, ಕೊನೆಯ ದಿನ, ತಮ್ಮ ಕೈಯಾರೆ ಜೋಡಿಸಿದ ಸ್ಮರಣೆಯ ಫೋನು. ಅಸಲಿ ಭಾಗಗಳು. ಚಿನ್ನದ ಲೇಪ. ಒಂದು ಸಂಖ್ಯೆಗೆ ಒಂದೇ ಫೋನು.

ಅದು ಅಕ್ಕನ ಕಾರ್ಖಾನೆ. ಓದುತ್ತ ಓದುತ್ತ ಅವರ ಕಿವಿ ಬಿಸಿಯಾಯಿತು. "ಕೊನೇ ದಿನ ನಾವು ಏನೂ ಜೋಡಿಸ್ಲಿಲ್ಲ," ಎಂದು ಈಗ ನೆನೆಯುತ್ತಾರೆ. "ಕ್ಯಾಂಟೀನಲ್ಲಿ ಒಬ್ಬರನ್ನೊಬ್ಬರು ಹಿಡ್ಕೊಂಡು ಅತ್ವಿ. ಟೋಪಿ ವಾಪಸ್ ಕೊಟ್ಟು ಬಸ್ಸು ಹತ್ತಿದ್ವಿ. ಅಷ್ಟೇ."

ಆದರೂ ಅವಸರ ಮಾಡಲಿಲ್ಲ. ಹೇಗೆ ಬಂತು ಎಂದು ಕೇಳಿದರು. ತಾತನ ಮೊದಲ ಫೋನು ಇದೇ ಮಾದರಿಯದಂತೆ. ಲಿಫ್ಟಿನ ಬಾವಿಯಲ್ಲಿ ಕೆಲಸ ಮಾಡುವಾಗ, ಮಗಳು ಹುಟ್ಟಿದ ಸುದ್ದಿ ಬಂದದ್ದೂ ಅದರಲ್ಲೇ. ಜಾಹೀರಾತು ಕಂಡು ತಡೆಯಲಾಗಲಿಲ್ಲ. ತಾವು ಕೊಂಡದ್ದು ಮಾತ್ರವಲ್ಲ, ದಿನಾ ಪಾರ್ಕಿನಲ್ಲಿ ಜತೆಗೆ ನಡೆಯುವ ಗೆಳೆಯರಿಬ್ಬರಿಗೂ, ಒಬ್ಬರು ಟೈಲರು, ಇನ್ನೊಬ್ಬರು ಡ್ರಾಯಿಂಗ್ ಮೇಷ್ಟ್ರು, ಬೆನ್ನು ಹತ್ತಿ ಕೊಳ್ಳಿಸಿದರು. ಈಚೆಗೆ ಬಸ್‌ಸ್ಟ್ಯಾಂಡಿನ ಪಕ್ಕದ ತಳ್ಳುಗಾಡಿಯಲ್ಲಿ ಥೇಟ್ ಇಂಥವೇ ರಾಶಿ ಬಿದ್ದಿದ್ದನ್ನು ಕಂಡರು. ಅಂದಿನಿಂದ ಪಾರ್ಕಿನ ಕಡೆ ತಲೆ ಹಾಕಿಲ್ಲ.

ತಂದೆಯ ಬೆನ್ನ ಹಿಂದೆ ನಿಂತ ಮಗಳು ಅಕ್ಕನಿಗೆ ಕಣ್ಣಲ್ಲೇ ಕೈ ಮುಗಿಯುತ್ತಿದ್ದರು. ಅಕ್ಕ ಸ್ಕ್ರೂಡ್ರೈವರ್ ಎತ್ತಿಕೊಂಡು, ಮತ್ತೆ ಕೆಳಗಿಟ್ಟರು. ತಾತನಿಗೆ ಅಷ್ಟೇ ಸಾಕಾಯಿತು.

"ನೋಡಮ್ಮ," ಅಂದರು. "ಲಿಫ್ಟಿನ ಹಗ್ಗ ಸವೆದಿದ್ರೆ ಸವೆದಿದೆ ಅಂತ್ಲೇ ಹೇಳ್ತಿದ್ದೆ ನಾನು. ಇನ್ನೊಂದು ವರ್ಷ ತಡೆಯುತ್ತೆ ಬಿಡಿ ಅಂದಿದ್ರೆ ಎಲ್ಲರಿಗೂ ಖುಷಿಯಾಗ್ತಿತ್ತು. ಆದ್ರೆ ಅದರಲ್ಲಿ ಜನ ಹತ್ತಬೇಕಲ್ಲ. ಬಿಚ್ಚು."

ಬಿಚ್ಚಿದರು. ತಾತನ ಕುರ್ಚಿಯನ್ನು ಪಕ್ಕಕ್ಕೆ ಎಳೆದುಕೊಂಡು, ಮಸೂರವನ್ನು ಅವರ ಕಣ್ಣಿಗೇ ಕೊಟ್ಟು, ಒಂದೊಂದೇ ತೋರಿಸಿದರು. ಬೇರೆ ಯಾವುದೋ ಅಗ್ಗದ ಫೋನಿನ ಹೊಟ್ಟೆ, ಅದು ಅಲ್ಲಾಡದಂತೆ ತುರುಕಿದ ಸ್ಪಂಜು, ಭಾರಕ್ಕೆಂದು ಅಂಟಿಸಿದ ಕಬ್ಬಿಣದ ತುಂಡು. ತಾತ ಬಹಳ ಹೊತ್ತು ನೋಡಿದರು. "ಕಬ್ಬಿಣ ಚೆನ್ನಾಗಿ ಕೂರ್ಸಿದಾನೆ ಕಳ್ಳ," ಎಂದು ನಗಲು ಹೋಗಿ, ನಗಲಾಗದೆ ಮುಖ ಆಚೆ ತಿರುಗಿಸಿದರು. "ನಂದು ಹೋದ್ರೆ ಹೋಗ್ಲಿ. ಅವರಿಬ್ಬರಿಗೂ ನಾನೇ ಕಟ್ಟಿದ್ದು. ಯಾವ ಮುಖ ಇಟ್ಕೊಂಡು ಹೋಗ್ಲಿ?"

"ನಾನೂ ಬರ್ತೀನಿ," ಅಂದರು ಅಕ್ಕ. "ನನ್ನ ಕೈಯಿಂದ ಮಾಡಿಸಿದ್ದು ಅಂತ ಜಾಹೀರಾತಲ್ಲಿ ಹಾಕಿದಾರಲ್ಲ. ಹಾಗಾದ್ರೆ ನನಗೂ ಪಾಲಿದೆ."

ಮರುದಿನ ಬೆಳಗ್ಗೆ ಅಂಗಡಿಯ ಶಟರ್ ಏಳಲಿಲ್ಲ. ತಾತ ಹಿಂದೆ, ಅಕ್ಕ ಮುಂದೆ ಪಾರ್ಕಿಗೆ ಹೋದರು. ಎಂದಿನ ಬೆಂಚಿನಲ್ಲಿ ಟೈಲರು, ಮೇಷ್ಟ್ರು ಇಬ್ಬರೂ ಇದ್ದರು. ನಡುವಿನ ಜಾಗವನ್ನು ಖಾಲಿ ಬಿಟ್ಟುಕೊಂಡೇ ಕೂತಿದ್ದರು. ಫೋನುಗಳನ್ನು ತರಲು ತಾತ ಹಿಂದಿನ ಸಂಜೆಯೇ ಹೇಳಿ ಕಳಿಸಿದ್ದರು. ಈಗ ಕರವಸ್ತ್ರದ ಗಂಟನ್ನೇ ಬಿಚ್ಚುತ್ತ ಕಟ್ಟುತ್ತ ನಿಂತಿದ್ದ ತಾತನನ್ನು ನೋಡಿ ಟೈಲರೇ ಬಾಯಿ ಬಿಟ್ಟರು.

"ನಕಲಿ ಅಂತ ಹೇಳೋಕೆ ತಾನೇ ಬಂದಿದ್ದು? ಗೊತ್ತಯ್ಯ. ತಗೊಂಡ ತಿಂಗಳಲ್ಲೇ ಬಣ್ಣ ಬಿಟ್ಟು ನನ್ನ ಹೆಬ್ಬೆರಳೆಲ್ಲ ಹಳದಿ ಆಗಿತ್ತು."

"ಮತ್ತೆ ಹೇಳ್ಲಿಲ್ಲ ಯಾಕೆ?"

"ನೀನು ನೊಂದ್ಕೋತೀಯ ಅಂತ."

ಮೇಷ್ಟ್ರು ಬೆಪ್ಪಾಗಿ ಇಬ್ಬರನ್ನೂ ನೋಡಿದರು. ತಮ್ಮದನ್ನು ಶೋಕೇಸಿನಿಂದ ಹೊರಗೇ ತೆಗೆಯದವರು ಅವರು. "ನಂದು ಅಸಲಿನೇ ಇರಬೇಕು, ನಾನು ಮುಟ್ಟೇ ಇಲ್ಲ," ಎಂದು ಡಬ್ಬಿ ತೆರೆದರು. ಅಕ್ಕ ಮೂರೂ ಫೋನುಗಳನ್ನು ಬೆಂಚಿನ ಮೇಲೆ ಕವುಚಿ ಹಾಕಿದರು. ಮೇಷ್ಟ್ರದಕ್ಕೂ ಟೈಲರದಕ್ಕೂ ಬೆನ್ನಿನ ತಗಡಿನಲ್ಲಿ ಒಂದೇ ಸಂಖ್ಯೆ.

ಎರಡನ್ನೂ ಮತ್ತೆ ಮತ್ತೆ ತಿರುಗಿಸಿ ನೋಡಿದ ಮೇಷ್ಟ್ರೇ, "ಅವಳಿ ಜವಳಿ!" ಅಂದುಬಿಟ್ಟರು. ಟೈಲರಿಗೆ ನಗು ತಡೆಯಲಾಗಲಿಲ್ಲ. ತಾತ ನಗುತ್ತಲೇ ಅತ್ತರು, ಟೈಲರು ಅವರ ತೋಳು ಹಿಡಿದು ನಡುವಿನ ಜಾಗಕ್ಕೆ ಎಳೆದು ಕೂರಿಸಿದರು. ಸ್ವಲ್ಪ ದೂರದಲ್ಲಿ ನಿಂತಿದ್ದ ಅಕ್ಕ ಸೆರಗಿನಿಂದ ಮಸೂರ ಒರೆಸಿದರು, ಆಮೇಲೆ ಕಣ್ಣು.

ಫೋನು ಮಾರಿದ ಕಂಪನಿಯ ಮೇಲೆ ಗ್ರಾಹಕರ ಕೋರ್ಟಿಗೆ ದೂರು ಕೊಡುವುದೆಂದು ಅದೇ ಬೆಂಚಿನಲ್ಲಿ ತೀರ್ಮಾನವಾಯಿತು. ಅಕ್ಕ ಕಾರ್ಖಾನೆಯ ಹಳೆಯ ಬೆಂಚಿನ ಗೆಳತಿಯರನ್ನು ಹುಡುಕಿ ಹೊರಟರು. ಒಬ್ಬಾಕೆ ತರಕಾರಿ ಮಾರುತ್ತಿದ್ದರು, ಮತ್ತೊಬ್ಬಾಕೆ ಮೊಮ್ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ಕೊನೆಯ ದಿನ ಏನು ನಡೆಯಿತೆಂದು ಎಲ್ಲರೂ ಬಂದು ಸಾಕ್ಷಿ ಹೇಳಿದರು. ವಿಚಾರಣೆ ಎಳೆದಾಡಿ ಎಳೆದಾಡಿ ಕೊನೆಗೆ ಮೂವರು ಗೆಳೆಯರಿಗೂ ಕೊಟ್ಟ ದುಡ್ಡು ವಾಪಸ್ ಬಂತು. ಮಾರಾಟ ನಿಲ್ಲಲಿಲ್ಲ. ಜಾಹೀರಾತಿನಿಂದ ಕೆಲಸಗಾರ್ತಿಯರ ಮಾತನ್ನು ತೆಗೆದರು. 'ಅಸಲಿ' ಎಂದಿದ್ದ ಕಡೆ 'ಅಸಲಿಯಿಂದ ಪ್ರೇರಿತ' ಎಂದು ಸಣ್ಣ ಅಕ್ಷರದಲ್ಲಿ ಸೇರಿಸಿದರು.

"ಪೂರ್ತಿ ಗೆದ್ವಿ ಅಂತ ಹೇಳೋಕಾಗಲ್ಲ," ಎನ್ನುತ್ತಾರೆ ಅಕ್ಕ. "ಆದ್ರೆ ನಮ್ಮ ಕೈಯನ್ನ ಅವರ ಬಾಯಿಂದ ಬಿಡಿಸ್ಕೊಂಡ್ವಿ. ನನ್ನ ಜತೆ ಕೂತು ದುಡಿದೋರೆಲ್ಲ ಮತ್ತೆ ಸಿಕ್ಕಿದ್ರು. ಅದು ದೊಡ್ಡದು." ಲಿಫ್ಟ್ ತಾತನ ಮಗಳು ಈಗಲೂ ಆಗಾಗ ಬರುತ್ತಾರೆ. ಅಂದು ಸುಳ್ಳು ಹೇಳಿ ಎಂದು ಕೇಳಿಕೊಂಡದ್ದಕ್ಕೆ ಮೊದಲ ಸಲ ಬಂದಾಗ ಕ್ಷಮೆ ಕೇಳಿದ್ದರು. "ಮಗಳಾದವಳು ಇನ್ನೇನು ಕೇಳ್ತಾಳೆ ಬಿಡಮ್ಮ," ಎಂದು ಅಕ್ಕ ಆ ಮಾತನ್ನು ಅಲ್ಲಿಗೇ ಮುಗಿಸಿದ್ದರು.

ಬಿಸಿಲು ಮೇಜು ದಾಟಿ ನೆಲಕ್ಕೆ ಇಳಿಯುವ ಹೊತ್ತಿಗೆ ಗಿರಾಕಿಗಳು ಒಬ್ಬೊಬ್ಬರಾಗಿ ಬರತೊಡಗುತ್ತಾರೆ. ಅಕ್ಕನನ್ನು ಕಂಡೊಡನೆ ಎಲ್ಲರ ಮುಖದಲ್ಲೂ ಡಾಕ್ಟರ ಮುಂದೆ ಕೂತವರ ಕಳವಳ. ಇಷ್ಟು ವರ್ಷವಾದರೂ ಅದೊಂದು ಅವರಿಗೆ ರೂಢಿಯಾಗಿಲ್ಲ.

"ಮದುವೆ ಮನೆಗೆ ಹೋದ್ರೂ ಅಷ್ಟೇ, ನನ್ನ ಪಕ್ಕ ಕೂತವರು ಕೈಯಲ್ಲಿರೋ ವಾಚನ್ನ ಅಂಗಿ ತೋಳಿನೊಳಗೆ ಎಳ್ಕೋತಾರೆ," ಎಂದು ನಗುತ್ತಾರೆ. ಆಸೆ ಏನಾದರೂ ಇದೆಯೇ ಎಂದರೆ ಇಲ್ಲವೆಂದು ತಲೆಯಾಡಿಸುತ್ತಾರೆ, ಆಮೇಲೆ ತಾವೇ ಹೇಳುತ್ತಾರೆ. "ಯಾರಾದ್ರೂ ಒಂದಿನ ಏನನ್ನಾದ್ರೂ ತಂದು ನನ್ನ ಮುಂದೆ ಇಟ್ಟು, ಅಸಲಿನಾ ನಕಲಿನಾ ಅಂತ ಕೇಳ್ದೆ, 'ಅಕ್ಕಾ, ಚೆನ್ನಾಗಿದೆಯಾ?' ಅಂತ ಕೇಳ್ಬೇಕು. 'ಹೂಂ ಕಣೇ, ಬಹಳ ಚೆನ್ನಾಗಿದೆ' ಅಂತೀನಿ. ಆ ಮಾತು ಹೇಳಿ ಎಷ್ಟು ಕಾಲ ಆಯ್ತೋ ಏನೋ."