ಇಬ್ಬರೇ ಹೋಗಬೇಕಾದ ಹರಕೆ

ಅತ್ತೆ, ನಮಗೆ ಯಾವ ಹರಕೆಯೂ ಇರಲಿಲ್ಲ. ಎಂಬತ್ತರ ದಶಕದ ಆ ಚಳಿಗಾಲದಲ್ಲಿ, ಮದುವೆಯಾದ ಎರಡನೇ ವರ್ಷ, ನಾನೂ ನಿಮ್ಮ ಮಗನೂ ಮೈಸೂರಿಗೆ ಹೋದದ್ದು ಚಾಮುಂಡಿಗೆ ಮಕ್ಕಳ ಹರಕೆ ಒಪ್ಪಿಸುವುದಕ್ಕಲ್ಲ. ಸುಮ್ಮನೆ ಹೋದೆವು — ಇಬ್ಬರೇ ಇರಬೇಕು ಅನ್ನಿಸಿತ್ತು, ಅಷ್ಟೇ. ಇಷ್ಟು ಹೇಳುವುದಕ್ಕೆ ನನಗೆ ಇಷ್ಟು ವರ್ಷ ಬೇಕಾಯಿತು. ಕೇಳಬೇಕಾದ ನೀವೇ ಈಗ ಇಲ್ಲ.

ವಿಜಯನಗರದ ಆ ಮನೆ ನೀವು ಕಂಡದ್ದೇ. ಒಂದು ಹಾಲ್, ಅಡುಗೆಮನೆ, ಅದರ ಪಕ್ಕ ಬಾಗಿಲಿನ ಬದಲು ಪರದೆ ಇಳಿಬಿಟ್ಟ ನಮ್ಮ ಕೋಣೆ. ಹಾಲ್‌ನಲ್ಲಿ ಮಾವ ಕೆಮ್ಮಿದರೆ ನಮಗೆ ಕೇಳುತ್ತಿತ್ತು. ನಾವು ಪಿಸುಗುಟ್ಟಿದರೆ ನಾದಿನಿ ಮಗ್ಗುಲು ಬದಲಿಸುತ್ತಿದ್ದಳು. ಅವಳ ಮದುವೆ ಆಗುವವರೆಗೆ ಮಕ್ಕಳು ಬೇಡ ಅಂತ ನಾವಿಬ್ಬರೂ ಆ ಪರದೆಯ ಹಿಂದೆಯೇ ತೀರ್ಮಾನಿಸಿದ್ದೆವು. ನಾನು ಮಾತ್ರೆ ನುಂಗುತ್ತಿದ್ದೆ. ಅದೂ ನಿಮಗೆ ಗೊತ್ತಿರಲಿಲ್ಲ.

ಅವತ್ತು ಸಂಜೆ ನೀವು ಮೊರ ಮುಂದಿಟ್ಟುಕೊಂಡು ಅವರೆಕಾಯಿ ಬಿಡಿಸುತ್ತಿದ್ದಿರಿ. ಫ್ಯಾಕ್ಟರಿಯಿಂದ ಬಂದ ಇವರು ಮೆಲ್ಲಗೆ, "ಅಮ್ಮಾ, ಶನಿವಾರ ಭಾನುವಾರ ಮೈಸೂರಿಗೆ ಹೋಗ್ಬರ್ತೀವಿ" ಅಂದರು. ನಿಮ್ಮ ಮುಖ ಅರಳಿತು. "ಮೈಸೂರಿಗಾ? ನಾನೂ ಬರ್ತೀನಿ ಕಣೋ! ಬೆಟ್ಟದ ತಾಯಿನ ಕಣ್ತುಂಬ ನೋಡ್ಬೇಕು ಅಂತ ಎಷ್ಟು ದಿನದಿಂದ..." ತಾಯಿಗೆ ಎದುರಾಡುವ ಗಂಡಸಲ್ಲ ನಿಮ್ಮ ಮಗ. ನನ್ನ ಬಾಯಿ ಇದೆಯಲ್ಲ, ಹಾಳು ಬಾಯಿ —

"ಇಲ್ಲ ಅತ್ತೆ, ಮಕ್ಕಳ ಹರಕೆ. ಗಂಡ ಹೆಂಡ್ತಿ ಇಬ್ಬರೇ ಹೋಗ್ಬೇಕಂತೆ."

ನೀರು ಕುಡಿದಷ್ಟು ಸಲೀಸಾಗಿ ಬಂತು. ನೀವು ಒಂದು ಗಳಿಗೆ ನನ್ನನ್ನೇ ನೋಡಿದಿರಿ. ಆಮೇಲೆ ದೇವರ ಗೂಡಿನ ಕಡೆ ತಿರುಗಿ ಕೈ ಮುಗಿದಿರಿ. "ಅಯ್ಯೋ, ಹಂಗಾದ್ರೆ ನಾನು ಬರೋ ಹಂಗಿಲ್ಲ ಬಿಡು. ನೀವು ಹೋಗ್ಬನ್ನಿ." ಬೆಳಿಗ್ಗೆ ಬುತ್ತಿ ಕಟ್ಟಿಕೊಟ್ಟವರೂ ನೀವೇ.

ಸುಳ್ಳಿನ ಮೇಲೆ ಸುಳ್ಳು ಬೇಡ, ಇದನ್ನೂ ಹೇಳಿಬಿಡುತ್ತೇನೆ — ಆ ಎರಡು ದಿನ ನಾನು ಸುಖವಾಗಿದ್ದೆ. ಮನೆಯಲ್ಲಿ "ಇವಳೇ" ಅನ್ನುತ್ತಿದ್ದ ಮನುಷ್ಯ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ, ಶನಿವಾರ ಸಂಜೆಯ ಆ ಮಂಜಿನಲ್ಲಿ, ನನ್ನ ಹೆಸರು ಹಿಡಿದು ಗಟ್ಟಿಯಾಗಿ ಕೂಗಿದರು. ನಾನು ನಾಚಿ ಶಾಲನ್ನು ಮುಖಕ್ಕೆ ಎಳೆದುಕೊಂಡೆ. ಟಾಂಗಾದಲ್ಲಿ ಒತ್ತಿಕೊಂಡು ಕೂತೆವು. ಭಾನುವಾರ ಸಂಜೆ ಅರಮನೆಯ ದೀಪಗಳೆಲ್ಲ ಒಟ್ಟಿಗೆ ಹತ್ತಿದಾಗ ಜನ ಹೋ ಅಂದರು, ನಾನು ಇವರ ತೋಳು ಹಿಡಿದುಕೊಂಡೆ. ಬೆಟ್ಟ? ದೂರದಿಂದ ಕಂಡಿತು. ಏಳುವಾಗಲೇ ತಡ, ಆಮೇಲೆ ಬಿಸಿಲು, ಆಮೇಲೆ... ಹತ್ತಲಿಲ್ಲ. ಪ್ರಸಾದ ಅಂತ ನಿಮಗೆ ಕೊಟ್ಟ ಕುಂಕುಮ ಮಾರ್ಕೆಟ್ಟಿನಲ್ಲಿ ಕೊಂಡದ್ದು.

ಅದನ್ನು ನೀವು ಕಣ್ಣಿಗೊತ್ತಿಕೊಂಡು ಹಣೆಗಿಟ್ಟುಕೊಂಡಿರಿ. ಆಮೇಲೆ, ಏನೋ ಸಂಕೋಚದಿಂದ, "ನಾನೂ ಒಂದು ಹೊತ್ಕೊಂಡಿದೀನಿ ಕಣಮ್ಮ. ನಿನ್ನ ಮಡಿಲು ತುಂಬೋವರೆಗೂ ಅವರೆಕಾಯಿ ಬಾಯಿಗೆ ಹಾಕಲ್ಲ" ಅಂದಿರಿ.

ಅವರೆಕಾಯಿ! ಸೊಗಡು ಇಲ್ಲದಿದ್ದರೆ ಅದು ಅವರೆಯೇ ಅಲ್ಲ ಅಂತ ಗಾಡಿಯ ರಾಶಿಗೇ ಮೂಗಿಟ್ಟು ಜಗಳವಾಡಿ ತರುತ್ತಿದ್ದವರು ನೀವು. ಸಂಕ್ರಾಂತಿ ಹೊತ್ತಿಗೆ ಮೂರು ಹೊತ್ತೂ ಅದೇ ಆಗಬೇಕಿತ್ತು ನಿಮಗೆ. ಕೋಣೆಯಲ್ಲಿ ಇವರು, "ಹೇಳ್ಬಿಡೋಣ್ವಾ ಕಣೇ?" ಅಂತ ಕೇಳಿದರು. ನಾನೇ, "ಸುಮ್ನಿರಿ, ನಾಲ್ಕು ದಿನಕ್ಕೆ ಅವರೇ ಮರೀತಾರೆ" ಅಂದೆ.

ನೀವು ಮರೆಯಲಿಲ್ಲ. ಚಳಿಗಾಲದ ಮೇಲೆ ಚಳಿಗಾಲ ಬಂತು. ಕಾಳು ನೆನೆಹಾಕಿ, ಬೆರಳ ತುದಿ ಮುದುಡುವವರೆಗೆ ಹಿತಕಿ, ಎಲ್ಲರಿಗೂ ಸಾರು ಬಡಿಸಿ, ನೀವು ಮಜ್ಜಿಗೆ ಅನ್ನ ಕಲಸಿಕೊಂಡು ಕೂರುತ್ತಿದ್ದಿರಿ. ನಾನು ಎದುರಿಗೇ ಕೂತು ಉಣ್ಣುತ್ತಿದ್ದೆ, ಅತ್ತೆ. ಎರಡನೇ ಸಲ ಹಾಕಿಸಿಕೊಂಡೂ ಉಂಡಿದ್ದೇನೆ. ಸಂಜೆ ಮಾತ್ರೆ ನುಂಗುತ್ತಿದ್ದೆ.

ನಾದಿನಿಯ ಮದುವೆಯಾಯಿತು. ಮಾತ್ರೆ ನಿಲ್ಲಿಸಿದೆ. ಮಗು ಬರಲಿಲ್ಲ. ಮಾತ್ರೆಯಿಂದಲ್ಲ ಅಂದರು ಡಾಕ್ಟರು, ಕಾರಣ ಅವರಿಗೂ ತಿಳಿಯಲಿಲ್ಲ. ದೇವರು ಕೊಟ್ಟ ಶಿಕ್ಷೆ ಅಂದುಕೊಂಡರೆ ನನಗೆ ಹಗುರ — ಆದರೆ ಶಿಕ್ಷೆ ಅನುಭವಿಸಿದ್ದು ನೀವಲ್ಲವೇ? ನಾದಿನಿಗೆ ಗಂಡುಮಗುವಾದಾಗ ಮಾವ, "ಮೊಮ್ಮಗ ಬಂದನಲ್ಲ, ಇನ್ನಾದ್ರೂ ತಿನ್ನೇ" ಅಂದರು. "ನಾನು ಹೊತ್ಕೊಂಡಿರೋದು ಇವಳ ಹೆಸರಲ್ಲಿ" ಅಂತ ನನ್ನ ಕಡೆ ನೋಡಿದಿರಿ. ಎಷ್ಟು ಅಕ್ಕರೆಯಿಂದ ನೋಡಿದಿರಿ! ನನಗೆ ಅಳು ಬಂತು. ಅದನ್ನೂ ನೀವು ಮಕ್ಕಳಿಲ್ಲದ ಸಂಕಟ ಅಂದುಕೊಂಡು ನನ್ನ ಬೆನ್ನು ಸವರಿದಿರಿ.

ಎಷ್ಟೋ ವರ್ಷಗಳ ಮೇಲೆ, ಕಡೆಗಾಲಕ್ಕೆ, ನೀವು ಹಾಸಿಗೆ ಹಿಡಿದು ಮಲಗಿದ್ದಿರಿ. ಒಂದು ಮಧ್ಯಾಹ್ನ ಇವರು ಔಷಧಿ ತರಲು ಹೋಗಿದ್ದರು, ಮನೆಯಲ್ಲಿ ನಾವಿಬ್ಬರೇ. ನೀವು ನನ್ನ ಮುಂಗೈ ಹಿಡಿದುಕೊಂಡಿರಿ.

"ನನ್ನ ಹರಕೇಲೇ ಲೋಪ ಆಯ್ತು ಕಣಮ್ಮ. ಒಂದ್ಸಲ ಉಪ್ಪು ನೋಡಕ್ಕೆ ಅಂತ ಸಾರನ್ನ ನಾಲಿಗೆಗೆ ಇಟ್ಕೊಂಡ್ಬಿಟ್ಟೆ, ಮರ್ತು. ಯಾರಿಗೂ ಹೇಳಿರಲಿಲ್ಲ. ಅದಕ್ಕೇ ತಾಯಿ ಮುನಿಸ್ಕೊಂಡ್ಲು. ನಿನಗೆ ಮಕ್ಕಳಾಗದೇ ಹೋಗಿದ್ದು ನನ್ನಿಂದ. ನನ್ನ ಕ್ಷಮಿಸ್ಬಿಡು."

ಆಗ ಹೇಳಬೇಕಿತ್ತು. ನಾಲಿಗೆಯ ತುದಿಗೇ ಬಂದಿತ್ತು — ಹರಕೆಯೇ ಇರಲಿಲ್ಲ ಅತ್ತೆ, ಲೋಪ ಎಲ್ಲಿಂದ... ಆದರೆ ಇಷ್ಟು ವರ್ಷ ನೀವು ನನ್ನ ಮೇಲಿಟ್ಟ ಆ ಅಕ್ಕರೆ ಹೋಗಿಬಿಟ್ಟರೆ ಅನ್ನುವ ಭಯ. ನಿಮ್ಮ ನೆಮ್ಮದಿಗಾಗಿ ಸುಮ್ಮನಾದೆ ಅಂತ ಹೇಳಲಾರೆ. ನನಗಾಗಿಯೇ ಸುಮ್ಮನಾದೆ.

"ಆಯ್ತು ಬಿಡಿ ಅತ್ತೆ, ಕ್ಷಮಿಸಿದೀನಿ" ಅಂದೆ.

ನೀವು ನನ್ನ ಕೈಯನ್ನು ಕಣ್ಣಿಗೊತ್ತಿಕೊಂಡಿರಿ. ನಾನು ಎಳೆದುಕೊಳ್ಳಲಿಲ್ಲ. ಮೈಸೂರಿನ ಸುಳ್ಳನ್ನು ಹುಡುಗಿಯೊಬ್ಬಳು ಹೇಳಿದಳು ಅನ್ನಬಹುದು. ಇದನ್ನು ಹೇಳಿದಾಗ ನನ್ನ ತಲೆಯೂ ಅರ್ಧ ನರೆತಿತ್ತು. ನಿಮ್ಮ ಕಾಲು ಹಿಡಿದುಕೊಳ್ಳಬೇಕಾಗಿದ್ದ ನಾನು, ಅತ್ತೆ, ನಿಮ್ಮನ್ನು ಕ್ಷಮಿಸಿದೆ.