ಕರೀಮುನ್ನೀಸಾ ಬೇಡವೆಂದ ಬಿರುದು

ಚನ್ನಪಟ್ಟಣದ ಕರೀಮುನ್ನೀಸಾಳನ್ನು ನಾನು ಬಹಳ ಕಾಲ ವಿಧವೆಯೆಂದೇ ತಿಳಿದಿದ್ದೆ. ತಿರುಗಣಿಯ ಮುಂದೆ ಉಳಿ ಹಿಡಿದು ಬೊಂಬೆ ಕಡೆಯುವುದು ಗಂಡಸರ ಕೆಲಸ. ಹಗ್ಗ ಎಳೆದು ತಿರುಗಣಿ ತಿರುಗಿಸುವುದು ಹೆಂಗಸರದು. ಆ ಮನೆಯಲ್ಲಿ ಉಳಿ ಸೊಸೆಯ ಕೈಯಲ್ಲಿತ್ತು, ಹಗ್ಗ ಅತ್ತೆಯ ಕೈಯಲ್ಲಿ. ಅಷ್ಟು ನೋಡಿದ್ದೇ, ಆಕೆಯ ಗಂಡನನ್ನು ನಾನು ಮನಸ್ಸಿನಲ್ಲೇ ಮಣ್ಣು ಮಾಡಿಬಿಟ್ಟಿದ್ದೆ. ಆಕೆಯ ಗಾಜಿನ ಬಳೆ ನನಗೆ ಕಾಣಲಿಲ್ಲ. ವಿದ್ಯಾವಂತರಿಗೆ ಇಂಥವು ಕಾಣುವುದು ಕಡಿಮೆ.

ಗಂಡ ರಸೂಲ್ ದೊಡ್ಡ ಯುದ್ಧದ ಕಾಲದಲ್ಲಿ ಸೈನ್ಯದ ಹೇಸರಗತ್ತೆ ನೋಡಿಕೊಳ್ಳುವ ಕೆಲಸಕ್ಕೆ ಸೇರಿ ಬಸ್ರಾಕ್ಕೆ ಹೋದವನು. ಯುದ್ಧ ಮುಗಿದ ಮೇಲೆ, ಹೋದವರಲ್ಲಿ ಕೆಲವರು ಬಂದರು. ಇವನು ಬರಲಿಲ್ಲ, ಇವನ ಸುದ್ದಿಯೂ ಬರಲಿಲ್ಲ. ಬೊಂಬೆಗೆ ಬೇಕಾದ ಆಲೆಮರ ಕಡಿಯುವ ಪರವಾನಗಿ ಅವನ ಹೆಸರಿನಲ್ಲಿತ್ತು. ಅದು ಕರೀಮುನ್ನೀಸಾಳ ಹೆಸರಿಗೆ ಆಗದಿದ್ದರೆ ತಿರುಗಣಿ ನಿಲ್ಲುತ್ತದೆ, ಹಿಂದೆಯೇ ಒಲೆಯೂ ಆರುತ್ತದೆ. ಹಾಗಾಗಿ ಅರ್ಜಿ ಬರೆಸಲು ಆಕೆ ಮರಿಯಪ್ಪನ ಬಳಿಗೆ ಬಂದಳು. ನಾನು ಅಲ್ಲೇ ಹರಟೆಗೆ ಕೂತಿದ್ದೆ.

ಮರಿಯಪ್ಪ ಕಚೇರಿ ಮುಂದಿನ ಹುಣಸೆಮರದಡಿ ಇಂಗ್ಲಿಷಿನಲ್ಲಿ ಅರ್ಜಿ ಬರೆಯುತ್ತಿದ್ದ. ಆ ನೆರಳಿನಷ್ಟು ಅಗಲದ ಇಂಗ್ಲೆಂಡಿಗೆ ಅವನೇ ದೊರೆ. ಹೆಂಗಸು ಯಾರೇ ಬರಲಿ, ‘ಪೂರ್ ಅಂಡ್ ಹೆಲ್ಪ್‌ಲೆಸ್ ವಿಡೋ’ ಎಂದೇ ಶುರು. ಕೂಟಗಲ್ಲಿನ ಲಕ್ಷ್ಮಿದೇವಮ್ಮ ಗಂಡನನ್ನು ಜೊತೆಯಲ್ಲೇ ಕರೆತಂದಿದ್ದರೂ ಹಾಗೇ ಬರೆದಿದ್ದ. ಕೆಲಸ ಆಗಿತ್ತು, ಗಂಡ ಚಕಾರ ಎತ್ತಿರಲಿಲ್ಲ.

ಕರೀಮುನ್ನೀಸಾ ಮಾತ್ರ, “ಅದೇನ್ ಬರ್ದ್ರಿ, ಒಸಿ ಹೇಳಿ” ಎಂದಳು.

“ಬಡವಿ, ದಿಕ್ಕಿಲ್ದೋಳು, ಗಂಡ ಸತ್ತೋಳು ಅಂತ ಕಣಮ್ಮ.”

“ಬಡವಿ ಇರ್ಲಿ, ಸುಳ್ಳಲ್ಲ. ದಿಕ್ಕಿಲ್ದೋಳು ಅಂದ್ರೆ, ಹಗ್ಗ ಎಳೆಯೋ ನಮ್ಮತ್ತೆ ಏನ್ ಗೋಡೆ ಮೇಲಿನ ಬೊಂಬೆನಾ? ಕಡೇದಂತೂ ಬ್ಯಾಡ.”

“ಅವು ಒಟ್ಗೇ ಹೋಗೋ ಮಾತು. ಬುಡಿಸಿದ್ರೆ ಇಂಗ್ಲಿಷ್ ಕೆಟ್ಟೋಯ್ತದೆ, ಒಳಗಡೆ ಕಾಗದಾನೂ ಎತ್ತಾಕಿಲ್ಲ. ಇಂಗ್ಲಿಷಲ್ಲಿ ಸತ್ರೆ ಮನ್ಸ ಸತ್ತೋಯ್ತಾನಾ?”

“ಹುಕುಂ ಬಂದಾಗ ಜವಾನ ಬಾಗ್ಲಲ್ ನಿಂತ್ಕಂಡು ಕನ್ನಡದಲ್ಲಿ ಕೂಗಿ ಓದ್ತಾನಲ್ಲ ಅಣ್ಣಾರೆ. ಅತ್ತೆ ಕಣ್ಣು ಮಂಜು, ಕಿವಿ ಚೆಂದಾಗೈತೆ. ಮಗ ಬತ್ತಾನೆ ಅಂತ್ಲೇ ಆವಮ್ಮ ಹಗ್ಗ ಎಳೀತಿರಾದು.”

“ಮರ ಸಿಗ್ನಿಲ್ಲ ಅಂತ ಆಮ್ಯಾಕ್ ನನ್ ಬೈಬ್ಯಾಡ” ಎಂದು ಮರಿಯಪ್ಪ ಆ ಸಾಲನ್ನೇ ಹೊಡೆದುಹಾಕಿದ. ‘ಗಂಡ ಇನ್ನೂ ಹಿಂದಿರುಗದ ಬಡ ಹೆಂಗಸು’ ಎಂಬ ಅರ್ಥ ಬರುವಂತೆ ಬರೆದ. ಆ ವಾಕ್ಯ ಅವನಿಗೆ ಎಷ್ಟು ಬೋಳಾಗಿ ಕಂಡಿತೆಂದರೆ, ಬರೆದವರು ಇಂಥವರು ಎಂದು ಕೆಳಗೆ ಹೆಸರು ಹಾಕಲೂ ಹಿಂಜರಿದ.

ಮಳೆಗಾಲ ಕಳೆಯಿತು. ಉತ್ತರ ಬರಲಿಲ್ಲ. ಕರೀಮುನ್ನೀಸಾ ಮನೆಯಲ್ಲಿ ಉಳಿದಿದ್ದ ತುಂಡುಗಳಲ್ಲೇ ಬೊಂಬೆ ಬಿಟ್ಟು ಬುಗುರಿ ಕಡೆದಳು, ಬುಗುರಿ ಬಿಟ್ಟು ಮಣಿಗೆ ಇಳಿದಳು. ಅಷ್ಟು ಹೊತ್ತಿಗೆ ಮರಿಯಪ್ಪನಿಗೂ ಕಸಿವಿಸಿ ಹತ್ತಿತ್ತು. ಹಳೇ ಮಾತು ಸೇರಿಸಿ ಇನ್ನೊಂದು ಅರ್ಜಿ ಹಾಕೋಣ, ಕೇಳಿ ಬನ್ನಿ ಎಂದು ನನ್ನನ್ನು ಕಳಿಸಿದ.

ನಾನು ಹೋದಾಗ ಅತ್ತೆ ಮನೆಯಲ್ಲಿರಲಿಲ್ಲ. ಕರೀಮುನ್ನೀಸಾ ತಿರುಗಣಿಯ ಕೆಳಗಿನ ಮರದ ಹೊಟ್ಟಿನಲ್ಲಿ ಕೈಯಾಡಿಸಿ, ಕಡೆಯಲು ಬರುವ ಚೂರುಗಳಿವೆಯೇ ಎಂದು ಹುಡುಕುತ್ತಿದ್ದಳು. ನಾನು ತಂದ ಮಾತು ಕೇಳಿ ತಲೆಯಾಡಿಸಿ ಬೇಡವೆಂದಳು. ನಾಲ್ಕು ಜನಕ್ಕೆ ಬುದ್ಧಿ ಹೇಳುವವನ ಗತ್ತಿನಲ್ಲಿ ನಾನು ಕೇಳಿದೆ:

“ಅಲ್ಲಮ್ಮ, ರಸೂಲ್ ಬದುಕಿದ್ದಾನೆ ಅಂತ ನಿನಗೆ ಖಾತ್ರಿ ಇದೆಯಾ?”

“ಇಲ್ಲ,” ಎಂದಳು. “ಸತ್ತವ್ರೆ ಅಂತ ನಿಮಗೈತಾ?”