ಮುಳುಗೋ ಹುಡುಗಿ ಮತ್ತು ಕುಸುಮಾಳ ಆಣೆ

ಸ್ಟಾರ್ ಕೊಡುವ ಜನರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಕೊಟ್ಟಿಗೆಹಾರದಲ್ಲಿ ಬಸ್ಸು ನಿಂತಷ್ಟು ಹೊತ್ತಿನಲ್ಲಿ ನನ್ನ ಹೋಟೆಲಿನ ನೀರುದೋಸೆಯನ್ನು ಬೆರಳು ನೆಕ್ಕಿಕೊಂಡು ತಿನ್ನುತ್ತಾರೆ. ಚಾರ್ಮಾಡಿ ಘಾಟಿ ಇಳಿದು ನೆಟ್‌ವರ್ಕ್ ಸಿಕ್ಕಿದ ಕೂಡಲೇ 'ಚಟ್ನಿ ತಣ್ಣಗಿತ್ತು' ಎಂದು ಬರೆದು ಎರಡು ಸ್ಟಾರ್ ಒತ್ತುತ್ತಾರೆ. ಮಳೆಗಾಲದಲ್ಲಿ ಇಲ್ಲಿ ಮನುಷ್ಯರೇ ತಣ್ಣಗಿರುತ್ತಾರೆ, ಇನ್ನು ಚಟ್ನಿಯ ಪಾಡೇನು? ಅವರ ಮೇಲಿನ ಸಿಟ್ಟನ್ನು ನಾನು ತೀರಿಸಿಕೊಳ್ಳುತ್ತಿದ್ದದ್ದು ಎದುರಿನ ಅಂಗಡಿಯ ಕುಸುಮಾಳ ಮೇಲೆ, ಏಕೆಂದರೆ ಅವಳೂ ಅದೇ ಪೈಕಿ.

ಕುಸುಮಾಳದು ಮೊಬೈಲ್ ರಿಪೇರಿ, ರೀಚಾರ್ಜು, ಜೆರಾಕ್ಸಿನ ಅಂಗಡಿ. ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿ ಹುಟ್ಟಿ ಬೆಳೆದವಳು. ಅಪ್ಪ ಬೇಗ ಹೋದರು. ಅಮ್ಮ ವಸಂತಮ್ಮ ಕಾಫಿ ಕೊಯ್ದು ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದರು. ದೊಡ್ಡವಳು ಭವ್ಯಾ ಮದುವೆಯಾಗಿ ವಸ್ತಾರೆಗೆ ಹೋದಳು. ಕುಸುಮಾ ಮೂಡಿಗೆರೆಯಲ್ಲಿ ರಿಪೇರಿ ಕಲಿತು ಇಲ್ಲಿ ಬಾಗಿಲು ತೆರೆದಳು. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅವಳು ಹಳೆಯ ಕಂಪ್ಯೂಟರಿನಲ್ಲಿ ಗೇಮ್ ಆಡುತ್ತಾಳೆ. ಆಡುತ್ತ ನಮ್ಮ ಕಡೆಯ ಮಾತಿನಲ್ಲೇ ಅದನ್ನು ಹೊಗಳಿ ಬೈದು ವಿಡಿಯೋ ಮಾಡಿ ಹಾಕುತ್ತಾಳೆ. ಕಳಸದ ಜೀಪ್ ಡ್ರೈವರುಗಳಿಂದ ಹಿಡಿದು ಚಿಕ್ಕಮಗಳೂರಿನ ಹಾಸ್ಟೆಲ್ ಹುಡುಗಿಯರವರೆಗೆ ಅದನ್ನು ನೋಡುವವರಿದ್ದಾರೆ.

ಅವಳು ಸ್ಟಾರ್ ಕೊಡುವುದಿಲ್ಲ, ಕಾಫಿಪುಡಿಗೆ ಬೆರೆಸುವ ಚಿಕೋರಿಯ ಲೆಕ್ಕ ಹೇಳುತ್ತಾಳೆ. ಕಥೆ ಗಟ್ಟಿಯಾಗಿದ್ದರೆ 'ಶುದ್ಧ ಕಾಫಿ', ಎಳೆದಾಡಿದ್ದರೆ 'ಅರ್ಧಕ್ಕರ್ಧ ಚಿಕೋರಿ'. ಕಾಫಿ ಸೀಮೆಯವರಿಗೆ ಇದಕ್ಕಿಂತ ಹೆಚ್ಚು ವಿವರಿಸಬೇಕಾಗಿಲ್ಲ. ನಾನು ಬೈಯುತ್ತಿದ್ದೆ ನಿಜ, ಆದರೆ ನೋಡುತ್ತಲೂ ಇದ್ದೆ.

ಹೋದ ವರ್ಷ ಅವಳು ಹಿಡಿದದ್ದು ಕಂತು ಕಂತಾಗಿ ಬರುವ ಒಂದು ಗೇಮ್. ಅದರ ಇಂಗ್ಲಿಷ್ ಹೆಸರು ನಮ್ಮ ಬಾಯಿಗೆ ಹತ್ತಲಿಲ್ಲ, ಎಲ್ಲರೂ 'ಮುಳುಗೋ ಹುಡುಗಿ' ಎಂದೆವು. ಯಾವುದೋ ದೇಶದ ಸಮುದ್ರದಂಡೆಯ ಊರು. ರೂತ್ ಎಂಬ ಹೈಸ್ಕೂಲು ಹುಡುಗಿ. ಉಸಿರು ಕಟ್ಟಿ ನೀರಿನಲ್ಲಿ ಮುಳುಗಿ ಎದ್ದರೆ ಅವಳಿಗೆ ಕಾಲ ಹಿಂದಕ್ಕೆ ಸರಿದಿರುತ್ತದೆ. ಆಗಿಹೋದದ್ದನ್ನು ಮತ್ತೆ ಬೇರೆ ರೀತಿ ಮಾಡಬಹುದು. ಮೊದಲ ಕಂತಿನಲ್ಲೇ ಅವಳು ಪ್ರಾಣಸ್ನೇಹಿತೆ ಎಡಿತ್‌ಳಿಗೆ ಆಡಬಾರದ ಮಾತು ಆಡುತ್ತಾಳೆ, ಎಡಿತ್ ದೂರವಾಗುತ್ತಾಳೆ. ಆಮೇಲೆ ರೂತ್ ಏನನ್ನೆಲ್ಲ ಸರಿಮಾಡಿದರೂ ಆ ಜಗಳದ ದಿನದವರೆಗೆ ಹಿಂದೆ ಹೋಗುವಷ್ಟು ಉಸಿರು ಅವಳಿಗೆ ಸಾಲದು. ಕೊನೆಯ ಕಂತಿನಲ್ಲಿ ಸಾಲುತ್ತದೆ ಎಂದು ಆಡುವವರೆಲ್ಲ ನಂಬಿಕೊಂಡಿದ್ದರು.

ಮೊದಲ ಕಂತು ಬಂದಾಗ ದೊಡ್ಡ ದೊಡ್ಡ ವಿಮರ್ಶಕರು ಮೂಗು ಮುರಿದರಂತೆ. ಹುಡುಗಿಯರ ಮಾತು ಹುಡುಗಿಯರದಲ್ಲ, ಐವತ್ತು ದಾಟಿದವರು ಹರೆಯದವರಂತೆ ಟೋಪಿ ತಿರುಗಿಸಿ ಹಾಕಿಕೊಂಡು ಆಡಿದ ಹಾಗಿದೆ ಎಂದು ಬರೆದರಂತೆ. ಕುಸುಮಾ ಅದನ್ನು ಒಪ್ಪಿ 'ಮುಕ್ಕಾಲು ಚಿಕೋರಿ' ಎಂದಳು. ಮೂರನೆಯ ಕಂತಿಗೆ ಅದೇ ಜನ ಗೇಮನ್ನು ಹೊತ್ತು ಮೆರೆಸಿದರು. ಅದರಲ್ಲಿ ಎಡಿತ್‌ಳ ತಾಯಿ, ಮಗಳ ಸ್ನೇಹಿತೆ ಬರುವುದಿಲ್ಲವೆಂದು ಗೊತ್ತಿದ್ದೂ ಅವಳ ತಟ್ಟೆ ಇಡುವ ಒಂದು ದೃಶ್ಯವಿದೆ. ಅಲ್ಲಿ ಕುಸುಮಾ ಮಾತು ನಿಲ್ಲಿಸಿ ಕಣ್ಣೊರೆಸಿಕೊಂಡಳು. ಅವಳ ವಿಡಿಯೋಗಳಲ್ಲಿ ಹೆಚ್ಚು ಜನ ನೋಡಿದ್ದು ಅದನ್ನೇ.

ಐದನೆಯ ಕಂತಿನಲ್ಲಿ ರೂತ್ ಮುಳುಗುತ್ತಾಳೆ, ಏಳುತ್ತಾಳೆ, ಕಾಲ ಕದಲಿರುವುದಿಲ್ಲ. ಮತ್ತೆ ಮುಳುಗಿದರೂ ಅಷ್ಟೆ. ಆಡುವವರು ಹಿಂದೆ ಯಾವ ದಾರಿ ಹಿಡಿದಿದ್ದರೂ ಉಳಿಯುವುದು ಒಂದೇ, ನಡೆದುಹೋಗಿ ಎಡಿತ್‌ಳ ಮನೆಯ ಬಾಗಿಲು ತಟ್ಟುವುದು. ಬಾಗಿಲು ತೆರೆಯುವ ಮೊದಲೇ ಗೇಮ್ ಮುಗಿಯುತ್ತದೆ.

ಆಡಿದವರು ಕೆಂಡವಾದರು. ನಾವು ಆರಿಸಿದ ಒಂದಕ್ಕೂ ಬೆಲೆಯಿಲ್ಲವೆಂದರೆ ಇಷ್ಟು ದಿನ ಆರಿಸುವ ನಾಟಕ ಏಕೆ ಎಂದು ಜಗತ್ತಿನ ತುಂಬ ಕೂಗಾಟ. ವಿಮರ್ಶಕರಲ್ಲೂ ಎರಡು ಪಂಗಡವಾಯಿತು. ಕೆಲವರು ಇಂಥ ಧೈರ್ಯ ಬೇಕು ಎಂದರು, ಕೆಲವರು ಬರೆಯುವವರಿಗೆ ಸುಸ್ತಾಗಿದೆ ಎಂದರು. ಕುಸುಮಾಳ ವಿಡಿಯೋಗಳ ಕೆಳಗೆ ನಮ್ಮವರ ಜಗಳವೂ ಏನು ಕಡಿಮೆಯಿರಲಿಲ್ಲ. ಕೊನೆಗೆ ಎಲ್ಲರೂ ಒಂದೇ ಪ್ರಶ್ನೆ ಕೇಳತೊಡಗಿದರು: ಕುಸುಮಕ್ಕ, ಎಷ್ಟು ಚಿಕೋರಿ? ಎಲ್ಲದಕ್ಕೂ ಮಾತು ಸಿದ್ಧವಿಟ್ಟುಕೊಂಡಿರುವ ಕುಸುಮಾ ಈ ಸಲ ಬಾಯಿ ಬಿಡಲಿಲ್ಲ.

ಕಾರಣ ನನಗೆ ಗೊತ್ತಿತ್ತು. ನಾಲ್ಕು ವರ್ಷದ ಹಿಂದೆ ವಸಂತಮ್ಮ ತೀರಿಕೊಂಡದ್ದು ಭವ್ಯಾಳ ಮನೆಯಲ್ಲಿ. ತಂಗಿಗೆ ಗಾಬರಿಯಾಗದಿರಲಿ ಎಂದು ಭವ್ಯಾ ಕಾಯಿಲೆಯನ್ನು ಸಣ್ಣದು ಮಾಡಿ ಹೇಳಿದ್ದಳು. ಕುಸುಮಾ ಹೋಗಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ತಿಥಿಯ ದಿನ ಊಟಕ್ಕೆ ಎಲೆ ಹಾಕಿದಾಗ ಅವಳು ಎದ್ದು ನಿಂತು, ಇನ್ನು ಈ ಮನೆಯಲ್ಲಿ ಹನಿ ನೀರು ಮುಟ್ಟಿದರೆ ಘಟ್ಟದ ಕೆಳಗಿನ ಸ್ವಾಮಿಯ ಆಣೆ ಎಂದುಬಿಟ್ಟಳು. ನೆಂಟರೆಲ್ಲ ಕೇಳಿಸಿಕೊಂಡರು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ?

ನಮ್ಮ ಕಡೆ ಸ್ವಾಮಿಯ ಹೆಸರಲ್ಲಿ ಆಡಿದ ಮಾತು ಗಾಳಿಗೆ ಹೋಗುವುದಿಲ್ಲ. ಅಕ್ಕತಂಗಿ ಫೋನಿನಲ್ಲಿ ಮಾತಾಡುತ್ತಾರೆ, ಸಂತೆಯಲ್ಲಿ ಕಂಡರೆ ನಗುತ್ತಾರೆ, ಆದರೆ ಕುಸುಮಾ ವಸ್ತಾರೆಯ ಆ ಮನೆಯ ಮೆಟ್ಟಿಲು ಹತ್ತುವಂತಿಲ್ಲ. ಹತ್ತಿದರೆ ಬಂದವರಿಗೆ ಬೆಲ್ಲ ನೀರು ಕೊಡಬೇಕು, ಬಂದವರು ಕುಡಿಯಬೇಕು. ಸನ್ನಿಧಿಗೆ ಹೋಗಿ ಆಣೆ ಬಿಡಿಸಿಕೊಳ್ಳುವ ದಾರಿಯೊಂದಿದೆ. ಆದರೆ ಯಾರು ಮೊದಲು ಕರೆಯುತ್ತಾರೋ ತಪ್ಪು ಅವರದೆಂದು ಆಗುತ್ತದಲ್ಲ, ಇಬ್ಬರೂ ಕರೆಯಲಿಲ್ಲ. ಭವ್ಯಾಳ ಮಗಳು ಕೃತಿಕಾಳನ್ನು ಎತ್ತಿ ಆಡಿಸಿ ಬೆಳೆಸಿದವಳು ಕುಸುಮಾ. ಆ ಕೃತಿಕಾಳ ನಿಶ್ಚಿತಾರ್ಥ ದೀಪಾವಳಿ ಕಳೆದ ಮೇಲೆ, ಅದೇ ಮನೆಯಲ್ಲಿ ಎಂದು ಗೊತ್ತಾಗಿತ್ತು. ಫೋನು ಮಾಡಿದ ಕೃತಿಕಾ, ಚಿಕ್ಕಿ, ನೀವು ಊಟಕ್ಕೆ ಕೂರದಿದ್ದರೆ ನಾನೂ ಕೂರುವುದಿಲ್ಲ ಎಂದಳಂತೆ.

ಇದಾದ ಮಾರನೆಯ ಬೆಳಿಗ್ಗೆ ಕುಸುಮಾ ಅಂಗಡಿ ತೆರೆಯಲಿಲ್ಲ. ತಲೆಗೆ ಸ್ನಾನ ಮಾಡಿ, ಘಟ್ಟ ಇಳಿಯುವ ಮೊದಲ ಬಸ್ಸು ಹತ್ತಿದಳು. ಸಂಜೆ ವಾಪಸು ಬಂದು ನನ್ನ ಹೋಟೆಲಿನ ಬೆಂಚಿನ ಮೇಲೆ ಕೂತಾಗ ಮುಖ ಇಳಿದಿತ್ತು. ಹೋದದ್ದು ಒಬ್ಬಳೇ. ಸದ್ದಿಲ್ಲದೆ ಆಣೆ ಬಿಡಿಸಿಕೊಂಡು, ಸಮಾರಂಭದ ದಿನ ಏನೂ ಆಗದವಳಂತೆ ನೀರು ಕುಡಿದುಬಿಡುವುದು ಅವಳ ಉಪಾಯ. ಅಲ್ಲಿ, ಯಾರ ಮೇಲಿನ ಸಿಟ್ಟಿಗೆ ಆಣೆಯಿಟ್ಟೆಯೋ ಅವರನ್ನೂ ಕರೆದುಕೊಂಡು ಬಾರಮ್ಮ, ಇಬ್ಬರೂ ಒಟ್ಟಿಗೆ ನಿಂತು ಹೇಳಿದರೆ ಮಾತ್ರ ಬಿಡುತ್ತದೆ ಎಂದು ಹೇಳಿ ಕಳಿಸಿದ್ದರು. ಆಣೆ ಬಿಡಿಸಿಕೊಳ್ಳಲು ಹೋಗುವವರು ದಿನವೂ ಜೋಡಿಯಾಗಿ ಈ ರಸ್ತೆಯಲ್ಲೇ ಬಸ್ಸಿಳಿದು ನನ್ನಲ್ಲಿ ದೋಸೆ ತಿನ್ನುತ್ತಾರೆ. ಅದನ್ನು ನೋಡಿಕೊಂಡೇ ಇರುವವಳು ಒಬ್ಬಳೇ ಹೋದಳಲ್ಲ ಎಂದು ನನಗೆ ನಗುವೂ ಬಂತು, ಸಂಕಟವೂ ಆಯಿತು.

ಆ ವಾರ ಅವಳು ಕೊನೆಯ ಕಂತಿನ ವಿಡಿಯೋ ಹಾಕಿದಳು. ಅದರಲ್ಲಿ ಬೈಗುಳವಿರಲಿಲ್ಲ, ತಮಾಷೆಯೂ ಇರಲಿಲ್ಲ.

"ಎಲ್ರೂ ಕೊನೇದನ್ನ ಬೈತಿದೀರ," ಎಂದಳು. "ನಂಗೆ ಕೊನೇದು ಶುದ್ಧ ಕಾಫಿ ಅನ್ನಿಸ್ತು. ಚಿಕೋರಿ ಇರೋದು ಹಿಂದಿನ ನಾಕು ಕಂತಲ್ಲಿ. ಅಷ್ಟೂ ದಿನ ಆ ಹುಡುಗಿ ಒಬ್ಳೇ ಮುಳುಗ್ತಾಳೆ, ಒಬ್ಳೇ ಎಲ್ಲಾ ಸರಿ ಮಾಡ್ತಾಳೆ. ಜಗಳ ಆಡಿದ್ದು ಇಬ್ರು ಅಲ್ವಾ? ಆ ಎಡಿತ್‌ನ ಒಂದು ಮಾತು ಕೇಳಿದ್ಲಾ ಅವಳು? ನಾವಾದ್ರೂ ಕೇಳಿದ್ವಾ?"

ಇದಕ್ಕೂ ಜಗಳವಾಯಿತು. ಕುಸುಮಕ್ಕ ಕಂಪನಿಯವರಿಂದ ದುಡ್ಡು ತಿಂದಿದ್ದಾಳೆ ಎಂದು ಒಬ್ಬ ಬರೆದ. ಕಳಸದ ಡ್ರೈವರೊಬ್ಬ, ಇದನ್ನು ನೋಡಿ ಗೇಮನ್ನು ಮೊದಲಿನಿಂದ ಮತ್ತೆ ಆಡುತ್ತಿದ್ದೇನೆ ಎಂದು ಬರೆದ. ಅವಳು ಎಲ್ಲವನ್ನೂ ಓದುತ್ತ ಕೂತಿದ್ದಳು. ನನಗೆ ರೇಗಿಹೋಯಿತು. ರಸ್ತೆ ದಾಟಿ ಹೋಗಿ ಅವಳ ಕೌಂಟರಿನ ಮೇಲೆ ಕೈಯಿಟ್ಟೆ.

"ಊರಿಗೆಲ್ಲಾ ಹೇಳಿದೆಯಲ್ಲ ಮಾರಾಯ್ತಿ," ಎಂದೆ. "ವಸ್ತಾರೆಗೆ ಹೇಳಿದ್ಯಾ?"

ಅವಳು ನನ್ನನ್ನು ಕೆಕ್ಕರಿಸಿ ನೋಡಿದಳು. ಆಮೇಲೆ ರಿಪೇರಿಗೆ ಬಿಚ್ಚಿಟ್ಟಿದ್ದ ಫೋನನ್ನು ಪಕ್ಕಕ್ಕೆ ಸರಿಸಿ ತನ್ನದನ್ನು ಕೈಗೆ ತೆಗೆದುಕೊಂಡಳು. ನಾನು ಹೊರಗೆ ಬಂದೆ. ಮಾತು ಹೆಚ್ಚೇನೂ ನಡೆದಂತೆ ಕಾಣಲಿಲ್ಲ. ಸೋಮವಾರ ಬಿಡುವಿದೆಯೇ ಎಂದು ಇವಳು ಕೇಳಿದಳಂತೆ, ಬರುತ್ತೇನೆ ಎಂದು ಭವ್ಯಾ ಹೇಳಿದಳಂತೆ.

ಸೋಮವಾರ ಸಂಜೆ ಘಟ್ಟ ಹತ್ತಿ ಬಂದ ಬಸ್ಸಿನಿಂದ ಅಕ್ಕತಂಗಿ ಇಬ್ಬರೂ ಇಳಿದು ನನ್ನಲ್ಲಿಗೆ ಬಂದರು. ಭವ್ಯಾಳ ಮುಖ ಥೇಟು ವಸಂತಮ್ಮನದೇ. ದೋಸೆ ತಂದಿಟ್ಟೆ, ಚಟ್ನಿಯನ್ನು ಬಿಸಿ ಮಾಡಿಯೇ ತಂದೆ. ಸನ್ನಿಧಿಯಲ್ಲಿ ಏನಾಯಿತೆಂದು ನಾನು ಕೇಳಲಿಲ್ಲ. ಕುಸುಮಾ ತಾನಾಗಿಯೇ, ಹೋದ ಸಲ ಒಬ್ಬಳೇ ಹೋಗಿ ಬೆಪ್ಪಾಗಿ ಬಂದ ಕಥೆಯನ್ನು ಅಕ್ಕನಿಗೆ ಹೇಳಿ ನಗಿಸಲು ನೋಡಿದಳು. ಭವ್ಯಾ ನಗಲಿಲ್ಲ. ತಟ್ಟೆಯ ಮೇಲೆ ಕೈ ನಿಲ್ಲಿಸಿದಳು.

"ನಾನೂ ಹೋಗಿದ್ದೆ ಕಣೇ," ಎಂದಳು. "ಅಮ್ಮನ ವರ್ಷದ ತಿಥಿ ಆದ ಮೇಲೆ, ಒಬ್ಳೇ. ನಂಗೂ ಹಂಗೇ ಹೇಳಿ ಕಳಿಸಿದ್ರು. ಬರ್ತಾ ಬಸ್ಸು ಇಲ್ಲೇ ನಿಂತಿತ್ತು. ನೀನು ಅಂಗಡೀಲಿ ತಲೆ ತಗ್ಗಿಸಿ ಕೆಲಸ ಮಾಡ್ತಿದ್ದೆ. ಕಿಟಕಿಯಿಂದ ನೋಡ್ಕಂಡು ಹೋದೆ."

ಒಲೆಯ ಹತ್ತಿರ ನನಗೆ ಏನೋ ಕೆಲಸವಿದೆಯೆಂದು ನೆನಪಾಗಿ ಒಳಗೆ ಹೋದೆ. ಮೂರು ವರ್ಷ, ಒಂದು ಬಸ್ಸಿನ ಕಿಟಕಿ, ಒಂದು ರಸ್ತೆಯ ಅಗಲ. ನನ್ನ ಕಣ್ಣೂ ಒದ್ದೆಯಾಗಿತ್ತು, ಹೊಗೆಗಲ್ಲ.

ಕಂಡಕ್ಟರ್ ಸೀಟಿ ಊದಿದ. ಭವ್ಯಾ ಎದ್ದು ಬಸ್ಸಿನ ಕಡೆ ನಡೆದಳು. ಕುಸುಮಾ ಎದುರಿನ ತನ್ನ ಅಂಗಡಿಗೆ ಹೋಗುತ್ತಾಳೆಂದುಕೊಂಡೆ. ಅವಳು ಅಂಗಡಿಯ ಕೀಲಿಯನ್ನು ನನ್ನ ಗಲ್ಲಾಪೆಟ್ಟಿಗೆಯ ಮೇಲಿಟ್ಟು ಅಕ್ಕನ ಹಿಂದೆಯೇ ಹೊರಟಳು.

"ಇರ್ಲಿ ಗಿರಿಯಣ್ಣ," ಎಂದಳು. "ವಸ್ತಾರೆಗೆ ಹೋಗಿ ನೀರು ಕುಡ್ದು ಬರ್ತೀನಿ."